ಮತ್ತು

ಗ್ರಿಮ್ಸ್‌ಬಿಯ ಚರ್ಚಿನ ಹಳೇ ಸಾಮಾನಿನ ಮಾರಾಟದಲ್ಲಿ
ಎರಡು ಪೆನ್ನಿ ಕಾಸಿಗೆ ಸಿಕ್ಕಿದ್ದೆ ನೀನು.
ಕಂದು ಬಟ್ಟೆಯ ರಟ್ಟು, ಬೆನ್ನಿಗೆ ಯಾರೋ ಮೆತ್ತಿದ ಗೋಂದು,
ಜೊತೆಗೆ ಕಿವಿ ಮುರಿದ ಒಂದು ಚಹಾ ಬಟ್ಟಲು.
ಕೊಂಡದ್ದು ಬಟ್ಟಲಿಗಾಗಿಯೇ. ಸುಳ್ಳೇಕೆ ಹೇಳಲಿ.

ಆಗ ನನಗೆ ಹತ್ತೊಂಬತ್ತು.
ಹಗಲಿಡೀ ಹಡಗುಕಟ್ಟೆಯ ಶೆಡ್ಡಿನಲ್ಲಿ ನಿಂತು
ಕಾಡ್ ಮೀನಿನ ಬೆನ್ನು ಸೀಳುವ ಕೆಲಸ.
ಮಂಜುಗಡ್ಡೆಯ ನೀರಲ್ಲಿ ಬೆರಳು ಇನ್ನಾರದೋ ಆಗಿಬಿಡುತ್ತಿದ್ದವು.
ನಿಂಬೆಹೋಳಲ್ಲಿ ತಿಕ್ಕಿದರೂ ಬಿಡದ ನಾತ
ನಿನ್ನ ಪುಟಗಳಿಗೂ ಹತ್ತಿತು, ಕ್ಷಮಿಸು.
ನಿನ್ನ ಹೊನೋರಾ ರೇಷ್ಮೆ ಕೈಗವಸು ತೊಟ್ಟಾಗಲೆಲ್ಲ
ಹ್ಯಾಡಕ್ ಮೀನು ವಾಸನೆ ಬರುತ್ತಿತ್ತು ನನಗೆ.

ದೋಣಿ ದಾಟಿಸುವವನ ಮಗಳು ಅವಳು,
ಅವನು ಉಪ್ಪಿನ ಮಡಿಗಳ ಒಡೆಯ, ಲಾಕ್ಟನ್,
ಮೂಗಿನ ತುದಿಯಲ್ಲಿ ಕೋಪ, ಮಾತಿಗೊಂದು ಚುಚ್ಚು.
ಇನ್ನೂರು ಪುಟ ಅವಳನ್ನು ಹೀಗಳೆದು
ಆಮೇಲೆ ಕಾಗದ ಬರೆಯುತ್ತಾನೆ, ಅರಗಿನ ಮುದ್ರೆ ಒತ್ತಿ.
ನಾನಾಗಿದ್ದರೆ ಆ ಕಾಗದದಲ್ಲಿ ಮೀನು ಕಟ್ಟುತ್ತಿದ್ದೆ.
ಆದರೂ ರಾತ್ರಿ ಎರಡರ ತನಕ
ಮೀಟರಿಗೆ ಕಾಸು ಹಾಕಿ ಹಾಕಿ ದೀಪ ಉಳಿಸಿಕೊಂಡು ಓದಿದೆ.

ಕೊನೆಗೆ ಕಡವು, ಮಂಜು, ಅವಳೊಬ್ಬಳೇ.
*ಅರಗನ್ನು ಮುರಿದಳು, ಮತ್ತು*

ಅಷ್ಟೇ.
ಅಲ್ಲಿಂದ ಮುಂದೆ ಹರಿದ ಹಾಳೆಗಳ ಬುಡ ಮಾತ್ರ,
ಬಿದ್ದ ಹಲ್ಲುಗಳ ಜಾಗದಂತೆ, ಒಂಬತ್ತು.
ಯಾರ ಮನೆಯ ಒಲೆ ಹೊತ್ತಿಸಿದವೋ.
ಆ 'ಮತ್ತು' ಮಾತ್ರ ನನಗೆ ಇಳಿಯಲೇ ಇಲ್ಲ.

ನಾರ್ಮನ್ ಬ್ರಾಕಲ್ಸ್‌ಬಿ ಕೇಳಿದ್ದು ಅದೇ ಚಳಿಗಾಲ.
ಟ್ರಾಲರ್ ಹತ್ತುವ ಮುಂಚೆ, ಟೋಪಿ ಹಿಂಡುತ್ತ:
"ಐಸ್‌ಲ್ಯಾಂಡಿನ ಕಡೆ ಹೋಗಿ ಬರ್ತೀನಿ, ಮೂರು ವಾರ.
ಅಷ್ಟರಲ್ಲಿ ಹೇಳು, ಈನಾ."
ಮೂರು ವಾರ ನಾನು ಉತ್ತರ ಹುಡುಕಿದೆ,
ಎಲ್ಲಿ ಅಂತೀಯ? ಆ ಒಂಬತ್ತು ಹಾಳೆಗಳಲ್ಲಿ.
ಹೊನೋರಾ ಏನಂದಳೋ ತಿಳಿಯದೆ ನಾನೇನನ್ನಲಿ?
ಅವನು ಮುಳುಗಲಿಲ್ಲ, ಕಥೆಯವರ ಹಾಗೆ.
ಕೆನ್ನೆ ಸುಲಿದುಕೊಂಡು ಮರಳಿ ಬಂದ, ಕಾದ,
ಮುಂದಿನ ಬೇಸಿಗೆ ಬೆರಿಲ್‌ಳನ್ನು ಮದುವೆಯಾದ.
ಈಗ ಫ್ರೀಮನ್ ಬೀದಿಯಲ್ಲಿ ಅವರ ಕರಿದ ಮೀನಿನ ಅಂಗಡಿ.
ಪ್ರತಿ ಶುಕ್ರವಾರ ನನ್ನ ಪೊಟ್ಟಣಕ್ಕೆ
ಒಂದು ಹಿಡಿ ಹಿಟ್ಟಿನ ಗರಿಚೂರು ಹೆಚ್ಚಿಗೆ ಬೀಳುತ್ತದೆ.
ಆ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೊನ್ನೆ, ಅರವತ್ಮೂರರಲ್ಲಿ,
ಮಳೆ ಬಂತೆಂದು ಲೈಬ್ರರಿಯೊಳಗೆ ನಿಂತಾಗ
ಕಂಡೆ ನಿನ್ನನ್ನು: ಹೊಸ ಮೈ, ನುಣ್ಣನೆ ಕಾಗದ,
ಯಾರೋ ಪಂಡಿತರ ಮುನ್ನುಡಿ.
ಹಿಂದಿನಿಂದ ತೆರೆದೆ. ಕಳ್ಳಿಯ ಹಾಗೆ, ನಿಂತೇ.

ಲಾಕ್ಟನ್ ಬರುತ್ತಾನೆ, ಕೆಸರಲ್ಲಿ ಮಂಡಿಯೂರುತ್ತಾನೆ,
ಎರಡೂವರೆ ಪುಟ ಕ್ಷಮೆ ಕೇಳುತ್ತಾನೆ.
ಯಾರೋ ಚಿಕ್ಕಮ್ಮ ಹೇಳಿಮಾಡಿಸಿದ ಹಾಗೆ ಸತ್ತು ಆಸ್ತಿ ಬರುತ್ತದೆ.
ಮದುವೆ. ಸಾರೋಟು. ಕುದುರೆಗಳ ಬಣ್ಣ ಸಮೇತ.
ಇಷ್ಟೇನಾ ಅಂದೆ, ಸ್ವಲ್ಪ ಜೋರಾಗಿಯೇ.
ಮೇಜಿನ ಹುಡುಗ ತಲೆ ಎತ್ತಿದ.

ಆದರೆ ಮೊದಲನೇ ಹಾಳೆ ಇತ್ತಲ್ಲ, ಆ ಒಂದು ಸಾಲು,
ನಲವತ್ತನಾಲ್ಕು ವರ್ಷ ನಾನು ಹೊರಗೆ ಕಾದು ಕೂತ ಬಾಗಿಲು:
*ಅರಗನ್ನು ಮುರಿದಳು, ಮತ್ತು
ಓದದೆಯೇ ಕಾಗದವನ್ನು ನೀರಿಗೆ ಬಿಟ್ಟಳು.
ಮನಸ್ಸು ಆಗಲೇ ಮಾಡಿಯಾಗಿತ್ತು.*

ಅಯ್ಯೋ ಹುಡುಗಿ.
ಉತ್ತರ ಕಾಗದದಲ್ಲಿ ಇರಲೇ ಇಲ್ಲವೇನೇ.

ಮಳೆ ನಿಂತಿತು. ನಿನ್ನನ್ನು ಕಪಾಟಿಗೆ ಸೇರಿಸಿದೆ,
ತಪ್ಪು ಜಾಗದಲ್ಲಿ, ಬೇಕೆಂದೇ, ತೋಟಗಾರಿಕೆಯ ಪಕ್ಕ.
ಮನೆಯಲ್ಲಿರುವ ಹರಿದ ನೀನೇ ಸಾಕು ನನಗೆ.
ಬಟ್ಟಲೂ ಇದೆ, ಅದರಲ್ಲಿ ಗುಂಡಿಗಳನ್ನು ಹಾಕಿಟ್ಟಿದ್ದೇನೆ.

ಅಂದು ಶುಕ್ರವಾರ.
ನಾರ್ಮನ್ ಪೊಟ್ಟಣ ಬಿಚ್ಚಿ ಹಿಡಿದು, ಕನ್ನಡಕದ ಮೇಲಿಂದ:
"ಉಪ್ಪು, ಮತ್ತು?"
"ವಿನೆಗರ್" ಅಂದೆ, ತಡಮಾಡದೆ.
"ಇವತ್ತು ಸ್ವಲ್ಪ ಜಾಸ್ತಿಯೇ ಹಾಕು."